ಹಳೇಬೀಡು ಕೆರೆಯ ಜನವರಿ ಹಕ್ಕಿ ಎಣಿಕೆ: ಉಪ್ಪಿಟ್ಟು ಸುಮಾರು, ಲೆಕ್ಕ ಪಕ್ಕಾ

ಮೊದಲೇ ಹೇಳಿಬಿಡ್ತೀನಿ, ಒಳ್ಳೆ ಫೋಟೋ ಬೇಕು ಅನ್ನೋರಿಗೆ ಇದಲ್ಲ. ಲೆಕ್ಕ ಇಷ್ಟ ಇರೋರು ಹೋಗಿ. ನನಗೆ ಹಿಡಿಸಿದ್ದು ಅದಕ್ಕೇ ಇರಬೇಕು, ಅರೇಹಳ್ಳಿ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು ನಾನು. ಬೆಳಿಗ್ಗೆ ಆಳುಗಳ ಹಾಜರಿಯ ಚೆಕ್‌ರೋಲ್, ಸಂಜೆ ಹಣ್ಣಿನ ತೂಕ. ಕುಯ್ಲಿನ ಮಧ್ಯೆ ರಜೆ ಹಾಕಿ ಹಳೇಬೀಡಿಗೆ ಹಕ್ಕಿ ಎಣಿಸೋಕೆ ಹೋಗ್ತೀನಿ ಅಂದಾಗ ನಮ್ಮ ಮೇಸ್ತ್ರಿ, "ಇಲ್ಲಿ ಎಣಿಸಿದ್ದು ಸಾಲದಾ ರೈಟ್ರೇ?" ಅಂದ.

ನಡೆಸೋರು ಹಾಸನ, ಬೇಲೂರು ಕಡೆಯ ಹವ್ಯಾಸಿಗಳ ಸಣ್ಣ ಬಳಗ. ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು. ಫೀಸು ಇಲ್ಲ, ತಿಂಡಿಗೆ ಐವತ್ತು ರೂಪಾಯಿ. ಎಣಿಕೆ ಇವರು ಹುಟ್ಟುಹಾಕಿದ್ದಲ್ಲ. ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ 1987ರಿಂದ ಪ್ರತಿ ಜನವರಿ ಊರೂರ ಕೆರೆ, ಜೌಗು, ಅಣೆಕಟ್ಟುಗಳಲ್ಲಿ ನಡೆಯೋದು. ಎಣಿಸೋರು ಬಹುಪಾಲು ಸಂಬಳ ಇಲ್ಲದ ನಮ್ಮಂಥವರು. ಜನವರಿಯೇ ಯಾಕೆ ಅಂದ್ರೆ, ಉತ್ತರದಿಂದ ಬಂದ ಬಾತುಗಳು ಆ ಹೊತ್ತಿಗೆ ಒಂದು ಕಡೆ ತಳ ಊರಿರ್ತವೆ. ಬರೋವೂ ಕಮ್ಮಿ, ಹೋಗೋವೂ ಕಮ್ಮಿ. ಹಾಜರಿ ತಗೊಳ್ಳೋಕೆ ಸರಿಯಾದ ಕಾಲ.

ಆರೂವರೆಗೆ ಅಂದಿದ್ರು, ಶುರುವಾಗಿದ್ದು ಏಳು ಕಾಲಿಗೆ. ಮಂಜು ಇತ್ತು, ಸರಿ, ಅದಕ್ಕೆ ಯಾರೂ ಹೊಣೆ ಅಲ್ಲ. ಆದರೆ ಗುಂಪು ಮಾಡೋಕೇ ಅರ್ಧ ಗಂಟೆ ತಗೊಂಡ್ರು. ಕೊನೆಗೆ ಎರಡು ತಂಡ, ಒಂದೊಂದು ದಡಕ್ಕೆ ಒಂದೊಂದು. ಎರಡೂ ಕಡೆ ಒಂದೇ ಹೊತ್ತಿಗೆ ಎಣಿಸ್ಬೇಕು, ಇಲ್ಲದಿದ್ರೆ ಈ ದಡದಿಂದ ಎದ್ದ ಬಾತು ಆ ದಡದ ಲೆಕ್ಕದಲ್ಲೂ ಸೇರ್ಕೊಳ್ಳುತ್ತೆ. ನಮ್ಮ ತಂಡದ ಮೇಡಂ ಸ್ಟ್ಯಾಂಡಿನ ಮೇಲಿಟ್ಟ ಸ್ಪಾಟಿಂಗ್ ಸ್ಕೋಪ್ ಹಿಂದೆ ನಿಂತ್ರು. ಇಬ್ಬರು ಹುಡುಗರು ಬೈನಾಕ್ಯುಲರ್ ಹಿಡಿದ್ರು. ಪುಸ್ತಕ ನನ್ನ ಕೈಗೆ ಬಂತು.

ನೀರಿನ ತುಂಬ ನಾಮದ ಕೋಳಿ. ಒಂದೊಂದಾಗಿ ಎಣಿಸೋಕೆ ಹೋದ್ರೆ ಮಧ್ಯಾಹ್ನ ಆಗುತ್ತೆ. ಮೇಡಂ ಹೇಳಿಕೊಟ್ಟ ದಾರಿ ಇದು: ಮೊದಲು ಹತ್ತು ಹಕ್ಕಿ ನಿಧಾನವಾಗಿ ಎಣಿಸಿ, ಅವು ನೀರಲ್ಲಿ ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲಿ ತುಂಬ್ಕೊಳ್ಳಿ, ಆಮೇಲೆ ಆ ಅಳತೆಯಲ್ಲೇ ಹತ್ತು ಹತ್ತಾಗಿ ಮುಂದಕ್ಕೆ ಹೋಗಿ. ನಾನು ಹಸಿ ಕಾಫಿ ಗುಡ್ಡೆ ನೋಡಿ ಎಷ್ಟು ಮೂಟೆ ಅಂತ ಹೇಳೋದೂ ಹೆಚ್ಚುಕಮ್ಮಿ ಹೀಗೇ. ವರಟೆ, ಗುಳುಮುಳುಕ, ನೀರುಕಾಗೆ, ಹಾವಕ್ಕಿ ಇವೆಲ್ಲ ಬಿಡಿಬಿಡಿಯಾಗಿಯೇ ಸಿಕ್ಕಿದ್ವು.

ಅರ್ಧ ಕೆರೆ ಮುಗಿದಿತ್ತು. ಎಲ್ಲಿತ್ತೋ, ಸೆಳೆವ ಅನ್ನೋ ಬೇಟೆ ಹಕ್ಕಿಯೊಂದು ಆಪು ಹುಲ್ಲಿನ ಮೇಲೆ ತಗ್ಗಾಗಿ ಹಾರಿ ಬಂತು. ಬಾತುಗಳೆಲ್ಲ ಒಟ್ಟಿಗೆ ಎದ್ದು ಒಂದು ಸುತ್ತು ಹೊಡೆದು ಎಲ್ಲೆಲ್ಲೋ ಇಳಿದ್ವು. "ಬರೆದಿದ್ದು ಹಾಗೇ ಇರಲಿ ಮೇಡಂ, ಉಳಿದಿದ್ದನ್ನ ಸೇರಿಸೋಣ" ಅಂದ ಒಬ್ಬ ಹುಡುಗ. ಅವರು ಒಪ್ಪಲಿಲ್ಲ. ಪುಟಕ್ಕೆ ಅಡ್ಡಗೆರೆ ಎಳೆಸಿ, ಬಾತುಗಳ ಲೆಕ್ಕವನ್ನೆಲ್ಲ ಮೊದಲಿಂದ ಶುರು ಮಾಡಿಸಿದ್ರು. ಮುಕ್ಕಾಲು ಗಂಟೆ ಹೋಯ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಈ ವಿಮರ್ಶೆಯಲ್ಲಿ ನಾನು ಕೊಡೋ ಅಂಕದಲ್ಲಿ ಅರ್ಧ ಆ ಅಡ್ಡಗೆರೆಗೇ. ಹಾಗೇ, ದೂರದ ಒಂದಷ್ಟು ಬಾತು ಬಿಸಿಲಿಗೆ ಎದುರಾಗಿ ಬರೀ ಕಪ್ಪು ಚುಕ್ಕಿ ಕಾಣ್ತಿದ್ವು. ಯಾರೋ ಸೂಜಿಬಾಲದ್ದು ಅಂದ್ರು. "ಬಾಲ ಕಂಡ್ತಾ?" "ಇಲ್ಲ." "ಹಾಗಾದ್ರೆ ಬಾತು, ಜಾತಿ ಗೊತ್ತಿಲ್ಲ ಅಂತ ಬರೀರಿ ಸರ್." ಬರೆದೆ.

ಲೆಕ್ಕ ಆಮೇಲೆ ಇ-ಬರ್ಡ್ ಅನ್ನೋ ಹಕ್ಕಿ ಲೆಕ್ಕದ ಜಾಲತಾಣಕ್ಕೆ ಹೋಗುತ್ತೆ, ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2002ರಲ್ಲಿ ಶುರು ಮಾಡಿದ್ದು. ನನಗೆ ಮೆಚ್ಚುಗೆಯಾದ ಸಂಗತಿ: ಪಟ್ಟಿ ಮುಗಿಸುವಾಗ ಅದು, ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಹಾಕಿದ್ದೀರಾ ಅಂತ ಕೇಳುತ್ತೆ. ಅಂದ್ರೆ ಕಾಗೆ, ಮೈನಾ, ಗೋವಕ್ಕಿ ಎಲ್ಲ ಬರಬೇಕು, ಬರೀ ಚೆಂದದ್ದು ಆರಿಸಿ ಹಾಕಿದ್ರೆ ಅದು ಪೂರ್ತಿ ಪಟ್ಟಿ ಅಲ್ಲ. ಆ ಜಾಗಕ್ಕೆ ಸಂಖ್ಯೆ ವಿಪರೀತ ಅನಿಸಿದ್ರೆ ವಿವರ ಕೇಳುತ್ತೆ, ಆಮೇಲೆ ಆ ಪ್ರದೇಶ ಬಲ್ಲ ಸ್ವಯಂಸೇವಕರೊಬ್ಬರು ನೋಡ್ತಾರೆ. ಕಾಗೆ ಎಣಿಸಿ ಏನು ಪ್ರಯೋಜನ ಅನ್ನೋರಿಗೆ ನಮ್ಮ ರಾಜ್ಯಪಕ್ಷಿ ನೀಲಕಂಠದ ಕಥೆ ಸಾಕು. ಕರೆಂಟ್ ತಂತಿ ಮೇಲೆ ಸದಾ ಕೂತಿರೋ ಹಕ್ಕಿ, ಯಾರು ಲೆಕ್ಕ ಇಡ್ತಾರೆ? 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಇಂಥ ಸುಮಾರು 3 ಕೋಟಿ ದಾಖಲೆ ಇಟ್ಕೊಂಡು 942 ಜಾತಿ ಪರಿಶೀಲಿಸಿತು, 178ನ್ನು ಹೆಚ್ಚು ಗಮನ ಬೇಕಾದವು ಅಂತ ಗುರುತಿಸಿತು. ನೀಲಕಂಠದ ಸ್ಥಿತಿಯನ್ನೂ ಮತ್ತೆ ಪರಿಶೀಲಿಸ್ಬೇಕು ಅಂತ ಅದರಲ್ಲಿದೆ.

ಉಪ್ಪಿಟ್ಟು ತಣ್ಣಗಿತ್ತು, ಚಟ್ನಿ ಪರವಾಗಿಲ್ಲ. ತಿನ್ನುವಾಗ ಮೇಡಂ ಅಮೆರಿಕದ ಕ್ರಿಸ್‌ಮಸ್ ಎಣಿಕೆ ಬಗ್ಗೆ ಹೇಳಿದ್ರು. ಅಲ್ಲಿ ಹಬ್ಬದ ದಿನ ಪಂದ್ಯ ಕಟ್ಟಿ ಬೇಟೆಯಾಡೋ ರೂಢಿ ಇತ್ತಂತೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನೋರು ಕೊಲ್ಲೋ ಬದಲು ಎಣಿಸಿ ಅಂದಾಗ 27 ಜನ ಹೊರಟ್ರು, ಇವತ್ತಿಗೂ ನಡೀತಿದೆ. ನಮ್ಮ ಕಡೆಯೂ ಕಾಡುಕೋಳಿ ಲೆಕ್ಕ ಇಟ್ಟ ಹಳಬರಿದ್ದಾರೆ, ಅವರದ್ದು ಸಾರಿನ ಲೆಕ್ಕ.

ತಿಂಡಿ ಆದ್ಮೇಲೆ ಯಗಚಿ ಹಿನ್ನೀರಿಗೆ ಕರ್ಕೊಂಡು ಹೋದ್ರು. ದಂಡ. ನೀರು ದಡದವರೆಗೂ ತುಂಬಿತ್ತು, ಕೆಸರಿನ ಅಂಚೇ ಇಲ್ಲ, ಕೆಸರು ಕೆದಕೋ ಹಕ್ಕಿಗಳು ಎಲ್ಲಿಂದ ಬರ್ತವೆ?

ಕೊರತೆಗಳು. ಬಳಗದವರು ಕೊಡೋ ಬೈನಾಕ್ಯುಲರ್‌ಗಳು ಮಲೆನಾಡಿನ ಮಳೆಗಾಲ ಉಂಡಿವೆ, ಎರಡರ ಗಾಜಿನೊಳಗೆ ಬೂಷ್ಟು. ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡೋಕೆ ಎಷ್ಟು ಖರ್ಚು? ಸ್ವಂತದ್ದು ತಗೊಳ್ಳೋರು ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, 42 ಮಿ.ಮೀ. ಗಾಜಿನದ್ದು ತಗೊಳ್ಳಿ, ಹತ್ತು ಪಟ್ಟಿನದ್ದು ಕೈಯಲ್ಲಿ ಅಲುಗುತ್ತೆ. ಬಂದಿದ್ದ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಯಾರೂ ಯೋಚಿಸಿರಲಿಲ್ಲ, ಇದು ನಿಜಕ್ಕೂ ತಪ್ಪು.

ಎಲ್ಲಕ್ಕಿಂತ ದೊಡ್ಡ ದೂರು ಬೇರೆ. ಬಲೆ ಎತ್ತೋಕೆ ಬಂದಿದ್ದ ಒಬ್ಬರು, "ಕೋಡಿ ತಾವ್ ಹೋಗ್ರಣ್ಣ, ಬಿಸ್ಲು ಬೆನ್ನಿಗ್ ಬತ್ತದೆ, ಚೆನ್ನಾಗ್ ಕಾಣ್ತವೆ" ಅಂತ ತೋರಿಸಿದ್ದಕ್ಕೇ ನಮಗೆ ಆ ಮೂಲೆಯ ಸಿಳ್ಳೆಬಾತುಗಳು ಸಿಕ್ಕಿದ್ದು. ಅವರು "ಒಟ್ಟು ಎಷ್ಟಾದ್ವು?" ಅಂತ ಕೇಳಿದ್ರೆ ನಮ್ಮವರು "ಆಮೇಲೆ ಆನ್‌ಲೈನ್‌ನಲ್ಲಿ ಹಾಕ್ತೀವಿ" ಅಂದ್ರು. ಅವರ ಕೈಲಿದ್ದಿದ್ದು ಬಟನ್ ಫೋನು. ತೋಟದಲ್ಲಿ ವಾರದ ಲೆಕ್ಕ ಆಳಿಗೆ ಓದಿ ಹೇಳದೆ ರೈಟರ್ ಎದ್ದು ಹೋಗೋ ಹಾಗಿಲ್ಲ. ಕೆರೆ ಲೆಕ್ಕ ಕನ್ನಡದಲ್ಲಿ ಒಂದು ಹಾಳೆ ಬರೆದು ಅಲ್ಲೇ ಟೀ ಅಂಗಡಿ ಗೋಡೆಗೆ ಅಂಟಿಸೋದು ಕಷ್ಟವೇ? ಮೇಡಂಗೆ ಹೇಳಿದ್ದೀನಿ. ಬರೆದುಕೊಡೋದು ನನ್ನ ಜವಾಬ್ದಾರಿ ಅಂತಾನೂ ಹೇಳಿದ್ದೀನಿ.

ಐದಕ್ಕೆ ನಾಲ್ಕು. ಅಷ್ಟು ದೂರ ಆಗಲ್ಲ ಅನ್ನೋ ತೋಟದವರಿಗೆ ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇದೆ. ನಾಲ್ಕು ದಿನ ನಡೆಯುತ್ತೆ, ಯಾವುದಾದ್ರೂ ಒಂದು ದಿನ ಹದಿನೈದು ನಿಮಿಷ ಎಣಿಸಿದ್ರೂ ಲೆಕ್ಕಕ್ಕೆ ಬರುತ್ತೆ. ಕಾಫಿ ಕಣದ ಅಂಚಲ್ಲಿ ಬಾಲ ಕುಣಿಸೋ ಬೂದು ಸಿಪಿಲೆಯಿಂದಲೇ ಶುರು ಮಾಡಿ. ಹಳೇಬೀಡಿಗೆ ಬರೋರು ಕೆಂಪು ಜರ್ಕಿನ್ ಬಿಟ್ಟು ಬನ್ನಿ, ತಿಂಡಿ ಮನೆಯಿಂದಲೇ ತನ್ನಿ. ಬೈನಾಕ್ಯುಲರ್ ಇಲ್ಲದಿದ್ರೂ ನಡೆಯುತ್ತೆ, ನೋಡೋರು ಬೇಕಾದಷ್ಟಿದ್ದಾರೆ, ಬರೆಯೋರೇ ಕಮ್ಮಿ.