ಶುಗರ್ ಮಿಷನ್: ಮೂರು ತಿಂಗಳು ಬೆರಳು ಚುಚ್ಚಿಕೊಂಡ ಮೇಲೆ

ನನಗೆ ಶುಗರ್ ಇಲ್ಲ. ಇನ್ನೂ ಬಂದಿಲ್ಲ, ಅಷ್ಟೇ. ಮೇ ತಿಂಗಳಲ್ಲಿ ಲ್ಯಾಬಿನಲ್ಲಿ ರಕ್ತ ಕೊಟ್ಟಾಗ ಖಾಲಿ ಹೊಟ್ಟೆಯದು 112, ಹೆಚ್ಚುಕಮ್ಮಿ ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು ಚೀಟಿಯ ಹಿಂದೆ ಒಂದು ಗೆರೆ ಎಳೆದರು. ಈ ತುದಿ 5.7, ಅದಕ್ಕಿಂತ ಕಮ್ಮಿ ಇದ್ದರೆ ಸರಿ. ಆ ತುದಿ 6.5, ಅಲ್ಲಿಂದ ಮುಂದೆ ಸಕ್ಕರೆ ಕಾಯಿಲೆ. ನಡುವೆ ಒಂದು ಚುಕ್ಕೆ ಇಟ್ಟು, "ಇದು ನೀವು" ಅಂದರು. ಮಾತ್ರೆ ಬರೆಯಲಿಲ್ಲ. ನಾಲ್ಕು ಕೆಜಿ ಇಳಿಸಿ, ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಮಿಷನ್ ತಗೊಳ್ಳಿ ಅಂತ ಅವರೇನೂ ಹೇಳಿರಲಿಲ್ಲ. ನಾನೇ ತಂದೆ. ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆವರೆಗೆ ಒಂದು ಸ್ಟೂಲು, ಒಂದು ಜೆರಾಕ್ಸ್ ಮಿಷನ್ನು, ನಾನು. ಇನ್ನೊಂದು ಮಿಷನ್ ಬಂದರೆ ಏನಾಗುತ್ತೆ ಅಂದುಕೊಂಡೆ.

ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಬೈಯುವುದೂ ಇದೆ. ಡಬ್ಬಿಯಲ್ಲಿ ಮಿಷನ್, ಚುಚ್ಚುವ ಪೆನ್ನು, ಹತ್ತು ಸೂಜಿ, ರಕ್ತ ತಾಗಿಸುವ ಹತ್ತು ಪಟ್ಟಿ (ಸ್ಟ್ರಿಪ್), ಎಲ್ಲ ಸೇರಿ 950 ರೂಪಾಯಿ. ಬಳಸುವುದು ಹೇಗೆ ಅನ್ನುವ ಕಾಗದ ಬಿಚ್ಚಿದರೆ ಪಂಚೆಯಷ್ಟು ಅಗಲ ಇದೆ, ಅದರಲ್ಲಿ ಕನ್ನಡ ಒಂದು ಸಾಲೂ ಇಲ್ಲ. ಫೋನಿಗೆ ಜೋಡಿಸುವ ಆ್ಯಪ್ ಎರಡು ಸಲ ಹಾಕಿದೆ, ಎರಡು ಸಲ ತೆಗೆದೆ. ಕೊನೆಗೆ ಹಾಳಾದ ಜೆರಾಕ್ಸ್ ಹಾಳೆಗಳ ಹಿಂದೆ ಬರೆದಿಟ್ಟೆ. ಅದೇ ಸುಲಭ.

ಚುಚ್ಚುವುದಕ್ಕೆ ಹೆದರಬೇಕಾಗಿಲ್ಲ. ಬೆರಳ ತುದಿಯ ನಡುಭಾಗಕ್ಕಲ್ಲ, ಪಕ್ಕಕ್ಕೆ ಚುಚ್ಚಬೇಕು. ಮೊದಲ ದಿನ ನಡುವೆಯೇ ಚುಚ್ಚಿಕೊಂಡು ಸಂಜೆತನಕ ಸ್ಟೇಪ್ಲರ್ ಒತ್ತಿದಾಗಲೆಲ್ಲ ಚುರ್ ಅನ್ನುತ್ತಿತ್ತು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟರೆ ರಕ್ತ ತಾನೇ ಬರುತ್ತೆ. ಹನಿಗೆ ಪಟ್ಟಿಯ ತುದಿ ತಾಗಿಸಿದರೆ ಅದೇ ಹೀರಿಕೊಳ್ಳುತ್ತೆ, ಐದು ಸೆಕೆಂಡಿನಲ್ಲಿ ಅಂಕಿ.

ಒಂದು ಭಾನುವಾರ ಚೇಳೂರು ಕಡೆಯಿಂದ ಭಾವ ಹಲಸಿನ ಹಣ್ಣು ತಂದಿದ್ದರು, ಒಳಗೆ ಕೆಂಪು ತೊಳೆ ಇರುವಂಥದ್ದು. ಕೈಗೆ ಎಣ್ಣೆ ಸವರಿಕೊಂಡು ನಾನೇ ಬಿಡಿಸಿದೆ. ಒಂದು ತೊಳೆಯನ್ನೂ ಬಾಯಿಗೆ ಹಾಕಲಿಲ್ಲ, ದೇವರಾಣೆ. ಕೈಯನ್ನು ಲುಂಗಿಗೆ ಒರೆಸಿಕೊಂಡು ಚುಚ್ಚಿದರೆ 231! ಎದೆ ಧಸಕ್ ಅಂತು. ನನ್ನವಳು ಬಂದು ನೋಡಿ, "ರೀ, ಮೊದಲು ಕೈ ತೊಳ್ಕೊಂಡು ಬನ್ನಿ" ಅಂದಳು. ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳಿಗೆ ಚುಚ್ಚಿದೆ. 117. ಮೊದಲು ಬಂದದ್ದು ನನ್ನ ಶುಗರ್ ಅಲ್ಲ, ಹಲಸಿನದ್ದು.

ಲೆಕ್ಕ ಸರಿ ತೋರಿಸುತ್ತಾ? ಒಂದು ಬೆಳಗ್ಗೆ ಲ್ಯಾಬಿನಲ್ಲಿ 108 ಬಂತು, ಅದೇ ಹೊತ್ತಿಗೆ ಇದು 116 ತೋರಿಸಿತು. ಮೋಸ ಅಂದುಕೊಂಡಿದ್ದೆ. ಆದರೆ ಮನೆ ಮಿಷನ್‌ಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದಲ್ಲೇ, ನೂರರ ಮೇಲೆ ಶೇಕಡ 15ರಷ್ಟು ಆಚೀಚೆ ಆದರೆ ಪರವಾಗಿಲ್ಲ ಅಂತಿದೆಯಂತೆ. ಹಾಗಾಗಿ ಐದಾರು ಅಂಕಿಗೆ ಕುಣಿಯುವುದೂ ಬೇಡ, ಅಳುವುದೂ ಬೇಡ. ಶುಗರ್ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದಕ್ಕೂ ಇದಲ್ಲ, ಅದಕ್ಕೆ ಲ್ಯಾಬಿಗೇ ಹೋಗಬೇಕು.

ಮತ್ತೆ ಇದು ಯಾತಕ್ಕೆ ಅಂದ್ರೆ, ಮನೆಯ ಜಗಳ ತೀರಿಸುವುದಕ್ಕೆ. ನಮ್ಮಮ್ಮನಿಗೆ ಇಪ್ಪತ್ತು ವರ್ಷದಿಂದ ಶುಗರ್. ಆದರೂ "ಮುದ್ದೆ ತಿನ್ನೋರಿಗೆ ಏನೂ ಆಗಲ್ಲ ಕಣೋ" ಅನ್ನುವುದು ಬಿಟ್ಟಿಲ್ಲ. ನಾನೂ ನಂಬಿದ್ದೆ. ಮಧ್ಯಾಹ್ನ ದೊಡ್ಡ ಮುದ್ದೆ, ಸೊಪ್ಪಿನ ಸಾರು, ಮೇಲೆ ಒಂದಿಷ್ಟು ಅನ್ನ. ಮೊದಲ ತುತ್ತಿನಿಂದ ಒಂದು ಗಂಟೆಗೆ ನೋಡಿದರೆ 178. ರಾಗಿಯಲ್ಲಿ ನಾರು ಇದೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟು ಹಿಟ್ಟೇ, ಜಾಸ್ತಿ ತಿಂದರೆ ಜಾಸ್ತಿಯೇ. ಮಾರನೇ ವಾರ ಅರ್ಧ ಮುದ್ದೆ, ಅನ್ನ ಇಲ್ಲ, ಹುರುಳಿಕಾಳಿನ ಸಾರು ಕಾಳು ಸಮೇತ, ಒಂದು ಬಟ್ಟಲು ಬೀನ್ಸ್ ಪಲ್ಯ. 141. ಹೊಟ್ಟೆ ತುಂಬಿತ್ತು ಅಂತಲೂ ಬರೆದಿಟ್ಟಿದ್ದೇನೆ.

ಆಮೇಲೆ ನನಗೇ ಹಟ ಬಂತು. ಮೊದಲಿನ ಊಟವನ್ನೇ, ಅದೇ ದೊಡ್ಡ ಮುದ್ದೆ, ಅದೇ ಅನ್ನ, ಮತ್ತೆ ಉಂಡೆ. ಆದರೆ ಕೈ ತೊಳೆದವನೇ ಅಂಗಡಿ ಶಟರ್ ಅರ್ಧ ಇಳಿಸಿ, ಗಲ್ಲಿಯ ತುದಿಯಿಂದ ತುದಿಗೆ ಹದಿನೈದು ನಿಮಿಷ ತಿರುಗಿದೆ. 149. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವಂತೆ, ಇನ್ಸುಲಿನ್ ದಾರಿ ಅಷ್ಟಾಗಿ ಕಾಯುವುದಿಲ್ಲವಂತೆ. ಕೇಳಿದ್ದೆ. ನನ್ನ ಬೆರಳಲ್ಲೇ ಕಂಡಾಗ ಬೇರೆ ಥರ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ವಿಚಾರ ಬರೆಯದಿದ್ದರೆ ನಮ್ಮೂರಿನವರು ಬಿಡಲ್ಲ. ಎರಡು ತಟ್ಟೆ ಇಡ್ಲಿ, ಬೆಣ್ಣೆ, ಒಂದು ವಡೆ, ಸಕ್ಕರೆ ಕಾಫಿ: ಒಂದು ಗಂಟೆಗೆ 196, ಎರಡು ಗಂಟೆಗೆ 158. ಎರಡು ಗಂಟೆಗೆ 140ರೊಳಗೆ ಇದ್ದರೆ ಚೆನ್ನ ಅಂತ ಡಾಕ್ಟರು ಹೇಳಿದ್ದರು. ಈಗ ಒಂದೇ ಇಡ್ಲಿ, ಸಕ್ಕರೆ ಇಲ್ಲದ ಕಾಫಿ, ತಿಂಗಳಿಗೆರಡು ಸಲ. ಬೆಲ್ಲದ ಕಾಫಿ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದನ್ನೂ ಚುಚ್ಚಿ ನೋಡಿದ್ದೇನೆ.

ಬೈಯುವುದು ಪಟ್ಟಿಯ ವಿಚಾರಕ್ಕೆ. ಮಿಷನ್ ಅಗ್ಗ, ಪಟ್ಟಿ ದುಬಾರಿ. ನನಗೆ ಒಂದಕ್ಕೆ ಹದಿನೆಂಟು ರೂಪಾಯಿ ಬಿತ್ತು. ನಾನು ಒಂದು ಪುಟ ಜೆರಾಕ್ಸಿಗೆ ಎರಡು ರೂಪಾಯಿ ತಗೊಳ್ತೀನಿ, ಲೆಕ್ಕ ಹಾಕಿ. ಒಂದು ಮೆಡಿಕಲ್ ಸ್ಟೋರಿನವರು ತಾರೀಕು ಮುಗಿಯಲು ಇಪ್ಪತ್ತು ದಿನ ಇದ್ದ ಡಬ್ಬಿ ಕೊಟ್ಟುಬಿಟ್ಟರು. ವಾಪಸ್ ಕೊಡಲು ಹೋದರೆ, "ಬಿಚ್ಚಿದ್ದೀರಲ್ಲ ಸಾರ್" ಅಂದರು. ತಾರೀಕು ನೋಡಿ ದುಡ್ಡು ಕೊಡಿ. ಮುಚ್ಚಳವನ್ನೂ ಗಟ್ಟಿಯಾಗಿ ಹಾಕಿಡಿ, ತೇವ ತಾಗಿದರೆ ಪಟ್ಟಿ ಕೆಡುತ್ತೆ.

ಇನ್ನೊಂದು ತಲೆನೋವು, ಮಿಷನ್ ಕಂಡರೆ ಗಲ್ಲಿಯವರೆಲ್ಲ ಬೆರಳು ಚಾಚುತ್ತಾರೆ. ಟೀ ಅಂಗಡಿಯವನು "ಅಣ್ಣ, ನನಗೂ ಒಂದು ಸಲ ಹಾಕಿ" ಅಂತ ದಿನಾ. ನಾನು ಒಪ್ಪಲಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ತಾಗಬಾರದು, ಆ ಪೆನ್ನನ್ನೂ ಹಂಚಿಕೊಳ್ಳಬಾರದು. ಎರಡು ದಿನ ಮುನಿಸಿಕೊಂಡಿದ್ದ. ಮೂರನೇ ದಿನ ಲ್ಯಾಬಿಗೆ ಹೋಗಿ ಬಂದ.

ಹಾಗಂತ ಈ ಮಿಷನ್ ಶುಗರ್ ತಡೆಯುತ್ತೆ ಅಂತಲ್ಲ. 2002ರಲ್ಲಿ ಅಮೆರಿಕದಲ್ಲಿ ನನ್ನ ಹಾಗೆ ನಡುವೆ ನಿಂತಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ತೂಕ ಶೇಕಡ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಕಾಯಿಲೆ ಬರುವುದು ಶೇಕಡ 58ರಷ್ಟು ಕಮ್ಮಿಯಾಯಿತು. ಮಾತ್ರೆ ತಗೊಂಡವರಲ್ಲಿ 31. ಅಲ್ಲಿ ಕೆಲಸ ಮಾಡಿದ್ದು ಕಾಲು ಮತ್ತು ತಟ್ಟೆ. ನನ್ನನ್ನು ಸ್ಟೂಲಿನಿಂದ ಎಬ್ಬಿಸಲು ಮಾತ್ರ ಈ ಮಿಷನ್ ಬೇಕಾಯಿತು. ನಿಮಗೆ ಹಾಗೇ ಏಳಲು ಆಗುತ್ತೆ ಅಂದ್ರೆ, 950 ರೂಪಾಯಿಗೆ ಒಳ್ಳೇ ಶೂ ತಗೊಂಡು ಅಮಾನಿಕೆರೆ ಕಡೆ ಹೋಗಿ.

ಆಗಸ್ಟ್ ಕೊನೆಗೆ ಮತ್ತೆ ಲ್ಯಾಬಿಗೆ ಹೋದೆ. ತೂಕ 78ರಿಂದ 74. ಎಚ್‌ಬಿಎ1ಸಿ 5.8. ಡಾಕ್ಟರು ಹಳೇ ಚೀಟಿ ತಿರುಗಿಸಿ, ಚುಕ್ಕೆಯನ್ನು ಒಂಚೂರು ಈ ತುದಿಗೆ ಸರಿಸಿದರು. ಡಬ್ಬಿಯಲ್ಲಿ ಇನ್ನು ಹದಿಮೂರು ಪಟ್ಟಿ ಉಳಿದಿವೆ. ಒಂದನ್ನು ಗಣೇಶನ ಹಬ್ಬದ ಕಡುಬಿಗೆ ಎತ್ತಿಟ್ಟಿದ್ದೇನೆ.