ಕ್ಲಚ್ ಕೇಬಲ್, ಡಿಸ್ಕ್ ಪೈಪ್: ಕಂಪನಿಯದ್ದೋ, ಲೋಕಲ್ಲೋ, ಸ್ಟೀಲ್ ಬ್ರೇಡೆಡ್ಡೋ?

ಬೆಂಗಳೂರಿನ ಜೆ.ಸಿ. ರೋಡಿನ ಯಾವ ಸ್ಪೇರ್ಸ್ ಅಂಗಡಿಗೆ ಹೋಗಿ ಕ್ಲಚ್ ಕೇಬಲ್ ಕೇಳಿದರೂ ಎರಡು ಪ್ರಶ್ನೆ ಬರುತ್ತವೆ. "ಯಾವ ಗಾಡಿ?" ಮತ್ತೆ "ಕಂಪನಿದೇ ಬೇಕಾ, ಬೇರೆ ಆಗತ್ತಾ?" ಈ "ಬೇರೆ" ಅನ್ನುವುದರಲ್ಲಿ ಒಳ್ಳೆಯದೂ ಇದೆ, ಕಸವೂ ಇದೆ. ಎರಡೂ ಒಂದೇ ಗೂಡಿನಲ್ಲಿ, ಪಕ್ಕಪಕ್ಕದಲ್ಲಿ ನೇತಾಡುತ್ತಿರುತ್ತವೆ. ಇದರ ಮೇಲೆ ಈಗ ಸ್ಟೀಲ್ ಬ್ರೇಡೆಡ್ ಬ್ರೇಕ್ ಲೈನ್ (ಸ್ಟೀಲ್ ಜಾಲರಿ ಹೆಣೆದ ಬ್ರೇಕ್ ಪೈಪ್) ಅಂತ ಇನ್ನೊಂದು ಆಸೆ. ಇವೆಲ್ಲವನ್ನೂ ಹಾಕಿ ಓಡಿಸಿ ನೋಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಗಾಡಿ ಎರಡು. ಒಂದು ನನ್ನ ಹಳೇ ಕ್ಲಾಸಿಕ್ 350, ಕಾರ್ಬ್ಯುರೇಟರ್ ಇರುವುದು, ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಇದು ಬೆಂಗಳೂರಿನಲ್ಲಿದೆ, ಸಿಲ್ಕ್ ಬೋರ್ಡ್ ದಾಟಿಯೇ ಕೆಲಸಕ್ಕೆ ಹೋಗಬೇಕು, ಅಂದರೆ ಎಡಗೈಗೆ ಕ್ಲಚ್ ಬಿಟ್ಟರೆ ಬೇರೆ ಕೆಲಸವಿಲ್ಲ. ಇನ್ನೊಂದು ತೀರ್ಥಹಳ್ಳಿಯಲ್ಲಿರುವ ಅಪ್ಪನ ಸ್ಪ್ಲೆಂಡರ್. ಅದಕ್ಕೆ ಮುಂದೆ, ಹಿಂದೆ ಎರಡೂ ಡ್ರಮ್ ಬ್ರೇಕ್. ಮಳೆಗಾಲ ಪೂರ್ತಿ ನೆನೆಯುತ್ತದೆ, ತೋಟದ ಕೆಸರು ಕುಡಿಯುತ್ತದೆ.

ಮೊದಲು ಕ್ಲಚ್ ಕೇಬಲ್. ಕ್ಲಾಸಿಕ್‌ಗೆ ನಾಲ್ಕು ಥರದ್ದು ಹಾಕಿದ್ದೇನೆ.

ಲೋಕಲ್ ಅಂದರೆ ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬರುವುದು, ಬೆಲೆ ಕಂಪನಿಯದ್ದರ ಅರ್ಧಕ್ಕಿಂತ ಕಡಿಮೆ. ಹಾಕಿದ ದಿನ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದೇ ಮೋಸ. ಒಂದೆರಡು ವಾರ ಆದ ಮೇಲೆ ಲಿವರ್ ಸಡಿಲವಾಗುತ್ತದೆ, ಅಡ್ಜಸ್ಟರ್ ತಿರುಗಿಸುತ್ತೀರಿ, ಮತ್ತೆ ಸಡಿಲ, ಮತ್ತೆ ತಿರುಗಿಸುತ್ತೀರಿ. "ವೈರ್ ಎಳೆದುಕೊಂಡಿದೆ" ಅಂತ ಮೆಕ್ಯಾನಿಕ್ ಹೇಳುತ್ತಾರೆ. ಜಾಸ್ತಿ ಸಲ ಉದ್ದವಾಗುವುದು ಒಳಗಿನ ವೈರಲ್ಲ, ಕುಗ್ಗುವುದು ಹೊರಗಿನ ಔಟರ್. ಔಟರ್ ಒಳಗೆ ಚಪ್ಪಟೆ ತಂತಿಯನ್ನು ಸುರುಳಿ ಸುತ್ತಿರುತ್ತಾರೆ, ಅದರ ಮೇಲೆ ಪಿವಿಸಿ ಹೊದಿಕೆ. ಇನ್ನರ್ ಎಳೆದಷ್ಟೂ ಈ ಸುರುಳಿ ತನ್ನೊಳಗೆ ಒತ್ತಿಕೊಳ್ಳುತ್ತದೆ. ಸುರುಳಿ ಬಿಗಿಯಾಗಿ ಸುತ್ತಿಲ್ಲದಿದ್ದರೆ ನೀವು ಹಿಡಿದ ಲಿವರ್‌ನ ಒಂದು ಪಾಲು ಔಟರನ್ನು ಒತ್ತುವುದಕ್ಕೇ ಖರ್ಚಾಗುತ್ತದೆ, ಉಳಿದದ್ದು ಮಾತ್ರ ಕ್ಲಚ್‌ಗೆ. ಆಮೇಲೆ ನ್ಯೂಟ್ರಲ್ ಬೀಳುವುದಿಲ್ಲ, ಸಿಗ್ನಲ್‌ನಲ್ಲಿ ಗಾಡಿ ಮುಂದಕ್ಕೆ ಎಳೆಯುತ್ತದೆ. ನನ್ನದು ಕೊನೆಗೆ ಹರಿದದ್ದು ಲಿವರ್ ಕಡೆಯ ನಿಪ್ಪಲ್ (ವೈರ್ ತುದಿಯ ಲೋಹದ ಗುಂಡು) ಪಕ್ಕದಲ್ಲಿ. ಹೆಚ್ಚಾಗಿ ಅಲ್ಲೇ ಹರಿಯುವುದು. ಲಿವರ್ ತಿರುಗಿದಾಗ ನಿಪ್ಪಲ್ ತನ್ನ ಗುಂಡಿಯಲ್ಲಿ ತಿರುಗಬೇಕು. ಅಲ್ಲಿ ಗ್ರೀಸ್ ಇಲ್ಲದೆ ಒಣಗಿದ್ದರೆ ಅದರ ಬದಲು ವೈರೇ ಬಾಗುತ್ತದೆ, ಒಂದೊಂದೇ ಎಳೆ ತುಂಡಾಗುತ್ತದೆ.

ಕಂಪನಿಯದ್ದು, ಅಂದರೆ ಹೊಲೊಗ್ರಾಂ, ಎಂಆರ್‌ಪಿ ಲೇಬಲ್ ಇರುವ ಪ್ಯಾಕೆಟ್ಟಿನದ್ದು. ಮುನ್ನೂರು-ನಾನೂರು ರೂಪಾಯಿ ಆಸುಪಾಸು. ಉದ್ದ ಸರಿಯಾಗಿರುತ್ತದೆ, ರಬ್ಬರ್ ಬೂಟ್ ಸರಿಯಾಗಿ ಕೂರುತ್ತದೆ, ಹೆಚ್ಚು ಹೇಳುವುದಕ್ಕೆ ಏನಿಲ್ಲ. ಹಾಕಿ ಮರೆತುಬಿಡಬಹುದು.

ಮೂರನೆಯದು ನನಗೆ ಇಷ್ಟವಾದದ್ದು. ಬೈಕ್ ಕಂಪನಿಗಳು ಕೇಬಲ್‌ಗಳನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಕೇಬಲ್ ಮಾಡುವವರಿಂದ ತೆಗೆದುಕೊಳ್ಳುತ್ತವೆ. ಅಂಥವರಲ್ಲಿ ದೊಡ್ಡದು ನಮ್ಮ ಬೆಂಗಳೂರಿನದ್ದೇ, ಬೊಮ್ಮಸಂದ್ರದ ಸುಪ್ರಜಿತ್. 1985ರಲ್ಲಿ ಶುರುವಾದದ್ದು, ಮೊದಲ ಗಿರಾಕಿ ಟಿವಿಎಸ್. ಇಂಥ ತಯಾರಕರು ತಮ್ಮದೇ ಹೆಸರಿನ ಪ್ಯಾಕೆಟ್ಟಿನಲ್ಲಿ ಅಂಗಡಿಗೂ ಕೇಬಲ್ ಕೊಡುತ್ತಾರೆ. ಬೆಲೆ ಕಂಪನಿ ಪ್ಯಾಕೆಟ್ಟಿಗಿಂತ ಕಡಿಮೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ, ಆಮೇಲೆ ಓಡಿಸಿ ನೋಡಿದೆ. ನನ್ನ ಕೈಗಂತೂ ವ್ಯತ್ಯಾಸ ಸಿಗಲಿಲ್ಲ. ಒಂದು ಎಚ್ಚರ ಬೇಕು: ಹೆಸರುವಾಸಿ ಪ್ಯಾಕೆಟ್ಟಿನ ನಕಲೂ ಮಾರುಕಟ್ಟೆಯಲ್ಲಿ ಓಡಾಡುತ್ತದೆ. ಹಾಗಾಗಿ ಬಿಲ್ ಕೊಡದ ಅಂಗಡಿಯಲ್ಲಿ ಇದನ್ನು ತೆಗೆದುಕೊಳ್ಳಬೇಡಿ.

ನಾಲ್ಕನೆಯದು ಟೆಫ್ಲಾನ್ ಲೈನರ್ (ಔಟರ್ ಒಳಗಿನ ನುಣುಪು ಪದರ) ಇರುವ, ಅಳತೆ ಕೊಟ್ಟು ಮಾಡಿಸಿದ ಕೇಬಲ್. ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿದ್ದೆ, ಮಾಮೂಲಿ ಕೇಬಲ್ ಸಾಲುತ್ತಿರಲಿಲ್ಲ, ಅದಕ್ಕೆ. ಮಾಡಿಸುವಾಗ ಎರಡು ಅಳತೆ ಕೊಡಬೇಕು: ಔಟರ್ ಎಷ್ಟುದ್ದ, ಔಟರ್‌ನಿಂದ ಹೊರಗೆ ಇನ್ನರ್ ಎಷ್ಟು ಬರಬೇಕು. ಎರಡನೆಯದನ್ನು ಹೇಳದಿದ್ದರೆ ಔಟರ್ ಎಷ್ಟು ಸರಿಯಿದ್ದರೂ ಕೇಬಲ್ ಕೂರುವುದಿಲ್ಲ. ಹಾಕಿದ ಮೇಲೆ ಕ್ಲಚ್ ಹಗುರ ಆಯಿತು, ನಿಜ. ಆದರೆ ಪೂರ್ತಿ ಪುಣ್ಯ ಟೆಫ್ಲಾನ್‌ಗೆ ಕೊಡುವುದಿಲ್ಲ. ಕೇಬಲ್ ಹಾದುಹೋಗುವ ದಾರಿಯನ್ನೂ ಆಗಲೇ ಬದಲಾಯಿಸಿದ್ದೆವು, ಹೆಡ್‌ಲೈಟ್ ಹಿಂದೆ ಇದ್ದ ಒಂದು ಕೆಟ್ಟ ತಿರುವು ಹೋಯಿತು. ಕುತೂಹಲಕ್ಕೆ ಹಳೇ ಮಾಮೂಲಿ ಕೇಬಲ್ಲನ್ನೇ ತಿರುವಿಲ್ಲದೆ ನೆಲದ ಮೇಲೆ ಹಾಸಿ ಎಳೆದು ನೋಡಿದರೆ ಅದೂ ಸಲೀಸಾಗಿಯೇ ಓಡುತ್ತಿತ್ತು. ಬುಲೆಟ್ ಕ್ಲಚ್ ಗಟ್ಟಿ ಅಂತ ದೂರುವವರು ಮೊದಲು ಕೇಬಲ್ ದಾರಿ ನೋಡಿ, ಲಿವರ್ ಬೋಲ್ಟ್ ಬಿಚ್ಚಿ ಗ್ರೀಸ್ ಹಚ್ಚಿ. ಇದಕ್ಕೆ ದುಡ್ಡು ಬೇಡ.

ಟೆಫ್ಲಾನ್ ಲೈನರ್ ಇರುವ ಕೇಬಲ್‌ಗೆ ಗ್ರೀಸ್, ಚೈನ್ ಲ್ಯೂಬ್ ಏನೂ ಹಾಕಬಾರದು. ಅಂಟು ಧೂಳು ಹಿಡಿಯುತ್ತದೆ, ಧೂಳು ಲೈನರನ್ನು ತಿನ್ನುತ್ತದೆ. ಲೈನರ್ ಇಲ್ಲದ ಹಳೇ ಥರದ್ದಕ್ಕೆ ಮಾತ್ರ ಎಣ್ಣೆ ಬೇಕೇ ಬೇಕು. ಮೇಲಿನ ತುದಿಗೆ ಪ್ಲಾಸ್ಟಿಕ್ ಕವರಿನ ಆಲಿಕೆ ಕಟ್ಟಿ, ತೆಳು ಎಣ್ಣೆ ಸುರಿದು, ರಾತ್ರಿ ನೇತುಹಾಕಿದರೆ ಬೆಳಿಗ್ಗೆ ಕೆಳಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಮೊದಲು ಬರುವ ಎಣ್ಣೆಯ ಬಣ್ಣ ನೋಡಿದರೆ ಒಳಗೆ ಎಷ್ಟು ತುಕ್ಕು ಇತ್ತು ಅಂತ ತಿಳಿಯುತ್ತದೆ.

ಈಗ ಅಪ್ಪನ ಸ್ಪ್ಲೆಂಡರ್. ಇಲ್ಲಿ ನಾನು ಹೋಲಿಸಿದ್ದು ಮುಂದಿನ ಡ್ರಮ್ ಬ್ರೇಕಿನ ಕೇಬಲ್, ಲೋಕಲ್ ಮತ್ತು ಕಂಪನಿಯದ್ದು. ಆಕ್ಸಿಲರೇಟರ್ ಕೇಬಲ್ ಲೋಕಲ್ ಹಾಕಿದರೂ ನಡೆಯುತ್ತದೆ ಅನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಯಾಕೆಂದರೆ ಅಲ್ಲಿ ಎಳೆಯುವ ಬಲ ಕಡಿಮೆ, ಔಟರ್ ಕುಗ್ಗುವ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಆಕ್ಸಿಲರೇಟರ್ ಬಿಟ್ಟ ತಕ್ಷಣ ತಾನೇ ವಾಪಸ್ ಬರುತ್ತದಾ ಅನ್ನುವುದು ಒಂದೇ. ಬ್ರೇಕ್ ಕೇಬಲ್ ಹಾಗಲ್ಲ. ಪೂರ್ತಿ ಬಲ ಅದರ ಮೇಲೇ ಬೀಳುತ್ತದೆ. ಲೋಕಲ್ ಕೇಬಲ್ ಹಾಕಿದ್ದಾಗ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಬರುತ್ತಿತ್ತು, ಗಾಡಿ ನಿಧಾನಕ್ಕೆ ನಿಲ್ಲುತ್ತಿತ್ತು. ಡ್ರಮ್ ಒಳಗಿನ ಬ್ರೇಕ್ ಶೂ ಸವೆದಿದೆ ಅಂತ ಅಪ್ಪ ಹೊಸ ಶೂ ಹಾಕಿಸಿದ್ದೂ ಆಯಿತು. ಕಂಪನಿ ಕೇಬಲ್ ಹಾಕಿದ ಮೇಲೆ ಅದೇ ಶೂ, ಅದೇ ಡ್ರಮ್, ಲಿವರ್ ಅರ್ಧದಲ್ಲೇ ಹಿಡಿಯಿತು. "ಈಗ ಬ್ರೇಕ್ ಅಂದ್ರೆ ಬ್ರೇಕು ಕಣೋ" ಅಂದರು. ಹಣ ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ, ಈ ಒಂದು ಕೇಬಲ್‌ನಲ್ಲಿ ಬೇಡ. ಹಿಂದಿನ ಬ್ರೇಕ್‌ಗೆ ಕೇಬಲ್ಲೇ ಇಲ್ಲ, ಕಬ್ಬಿಣದ ರಾಡ್, ಆ ತಲೆನೋವಿಲ್ಲ.

ಸ್ಪ್ಲೆಂಡರ್‌ನವರಿಗೆ ಇನ್ನೊಂದು ಮಾತು. "ಸ್ಪ್ಲೆಂಡರ್ ಕೇಬಲ್ ಕೊಡಿ" ಅಂದರೆ ಸಾಲದು. ಸ್ಪ್ಲೆಂಡರ್ ಪ್ಲಸ್ ಬೇರೆ, ಸೂಪರ್ ಸ್ಪ್ಲೆಂಡರ್ ಬೇರೆ, ಅದು 125 ಸಿಸಿ. ಗಾಡಿಯ ವರ್ಷ ಹೇಳಿ, ಅದಕ್ಕಿಂತ ಒಳ್ಳೆಯದು ಹಳೇ ಕೇಬಲ್ ಬಿಚ್ಚಿ ಜೊತೆಗೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ಉದ್ದ, ನಿಪ್ಪಲ್, ಅಡ್ಜಸ್ಟರ್ ಥ್ರೆಡ್ ನೋಡಿ. ಹೊಸದನ್ನು ದೊಡ್ಡ ಸುತ್ತು ಮಾಡಿ ಹಿಡಿದು ಇನ್ನರ್ ಹಿಂದೆಮುಂದೆ ಎಳೆಯಿರಿ. ಗರಗರ ಅಂದರೆ ವಾಪಸ್ ಕೊಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನು ಬ್ರೇಕ್ ಪೈಪ್. ಇಲ್ಲಿ ಮಾತು ಜಾಸ್ತಿ, ಕೆಲಸ ಕಡಿಮೆ.

ಕ್ಲಾಸಿಕ್‌ನ ಮುಂದಿನ ಡಿಸ್ಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗಿತ್ತು. ಗೆಳೆಯರೆಲ್ಲ ಹೇಳಿದ್ದು ಒಂದೇ, "ಸ್ಟೀಲ್ ಬ್ರೇಡೆಡ್ ಹಾಕ್ಸು ಮಗಾ". ಒಟ್ಟಿಗೆ ಎಲ್ಲ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ, ಅದಕ್ಕೆ ಒಂದೊಂದಾಗಿ ಮಾಡಿದೆ. ಮೊದಲು ಹಳೇ ಪೈಪ್ ಹಾಗೇ ಇಟ್ಟು ಬರೀ ಡಿಸ್ಕ್ ಆಯಿಲ್ (ಬ್ರೇಕ್ ಆಯಿಲ್) ಬದಲಾಯಿಸಿ ಪೈಪಿನೊಳಗಿನ ಏರ್ ತೆಗೆಸಿದೆ. ಆಮೇಲೆ ಕಂಪನಿಯ ಹೊಸ ರಬ್ಬರ್ ಪೈಪ್. ಕೊನೆಗೆ ಬ್ರೇಡೆಡ್. ಪ್ರತಿ ಸಲವೂ ಊರಿಗೆ ಹೋದಾಗ ಆಗುಂಬೆ ಘಾಟಿ ಇಳಿಸಿ ನೋಡಿದೆ. ಬ್ರೇಕ್ ಪರೀಕ್ಷೆಗೆ ಆ ಹೇರ್‌ಪಿನ್ ತಿರುವುಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮುಕ್ಕಾಲು ಪಾಲು ಸುಧಾರಣೆ ಬಂದದ್ದು ಆಯಿಲ್ ಬದಲಾಯಿಸಿದ್ದಕ್ಕೇ. ಇದರಲ್ಲಿ ಆಶ್ಚರ್ಯ ಇಲ್ಲ. ಡಾಟ್ 3, ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಕಾಯುತ್ತದೆ, ಹಳೇ ಆಯಿಲ್ ಕುದಿದು ಆವಿಯಾಗುತ್ತದೆ, ಲಿವರ್ ಸೀದಾ ಹ್ಯಾಂಡಲ್‌ಗೆ ಬಂದು ಕೂರುತ್ತದೆ. ಆಗ ಪೈಪ್ ಸ್ಟೀಲಿನದ್ದಾದರೇನು, ರಬ್ಬರಿನದ್ದಾದರೇನು?

ಹೊಸ ರಬ್ಬರ್ ಪೈಪಿನಿಂದ ಇನ್ನೊಂಚೂರು ಗಟ್ಟಿಯಾಯಿತು. ಹಳೆಯದಕ್ಕೆ ವಯಸ್ಸಾಗಿತ್ತು, ಬಾಗಿಸಿದರೆ ಮೇಲೆ ಸಣ್ಣ ಸೀಳು ಕಾಣುತ್ತಿತ್ತು. ಯಮಹಾದಂಥ ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ ಬ್ರೇಕ್ ಪೈಪ್ ನಾಲ್ಕು ವರ್ಷಕ್ಕೊಮ್ಮೆ, ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬರೆದಿರುತ್ತಾರೆ. ಯಾರು ಮಾಡುತ್ತಾರೆ ಹೇಳಿ! ರಬ್ಬರ್ ಪೈಪ್ ಕೊಳ್ಳುವಾಗ ಅದರ ಮೈಮೇಲಿನ ಅಚ್ಚು ಓದಿ. ಎಸ್‌ಎಇ ಜೆ1401 ಅಂತಲೋ ಡಾಟ್ ಅಂತಲೋ ಗುಣಮಟ್ಟದ ಗುರುತು ಇರುತ್ತದೆ, ಪಕ್ಕದಲ್ಲಿ ಎಚ್‌ಆರ್ ಅಥವಾ ಎಚ್‌ಎಲ್. ಎಚ್‌ಆರ್ ಅಂದರೆ ಒತ್ತಡಕ್ಕೆ ಮಾಮೂಲಿಯಾಗಿ ಉಬ್ಬುವುದು, ಎಚ್‌ಎಲ್ ಅಂದರೆ ಕಡಿಮೆ ಉಬ್ಬುವುದು. ಮೈಮೇಲೆ ಏನೂ ಅಚ್ಚಿಲ್ಲದ ಪೈಪನ್ನು ಬಿಟ್ಟಿ ಕೊಟ್ಟರೂ ಬೇಡ. ಲೋಕಲ್ ಬ್ರೇಕ್ ಪೈಪನ್ನು ಮಾತ್ರ ನಾನು ಪ್ರಯೋಗಕ್ಕೂ ಹಾಕಲಿಲ್ಲ.

ಬ್ರೇಡೆಡ್‌ಗೆ ಮೂರು ಸಾವಿರದ ಹತ್ತಿರ ಆಯಿತು. ಒಳಗೆ ಟೆಫ್ಲಾನ್ ಕೊಳವೆ, ಅದರ ಸುತ್ತ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಲಿವರ್ ಕಡಿಮೆ ದೂರ ಹೋಗುತ್ತದೆ, ಎಲ್ಲಿ ಹಿಡಿಯಿತು ಅನ್ನುವುದು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಒಣ ರಸ್ತೆಯಲ್ಲಿ ಮಜಾ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಗಾಡಿ ಮೊದಲಿಗಿಂತ ಬೇಗ ನಿಂತಿತು ಅಂತ ನನಗನ್ನಿಸಲಿಲ್ಲ. ನಿಲ್ಲಿಸುವುದು ಟೈರ್ ಮತ್ತು ಪ್ಯಾಡ್, ಪೈಪ್ ಅಲ್ಲ. ಮಳೆಯಲ್ಲಿ, ಎಬಿಎಸ್ ಇಲ್ಲದ ಈ ಗಾಡಿಯಲ್ಲಿ, ರಬ್ಬರ್ ಪೈಪಿನ ಆ ಸಣ್ಣ ಸಡಿಲವೇ ನನಗೆ ಒಗ್ಗುತ್ತಿತ್ತು. ಹೊಸದರ ತಕ್ಷಣದ ಹಿಡಿತಕ್ಕೆ ಬೆರಳು ಪಳಗಲು ಸಮಯ ಹಿಡಿಯಿತು.

ಹಾಕಿಸುವವರು ಎರಡು ವಿಷಯ ನೋಡಿಕೊಳ್ಳಿ. ಒಂದು ಬ್ಯಾಂಜೊ ಬೋಲ್ಟ್, ಅಂದರೆ ಪೈಪಿನ ತುದಿಯ ಬಳೆಯನ್ನು (ಬ್ಯಾಂಜೊ) ಕ್ಯಾಲಿಪರ್‌ಗೆ ಬಿಗಿಯುವ ಬೋಲ್ಟ್. ನೋಡಲು ಎಲ್ಲವೂ 10 ಎಂಎಂ, ಆದರೆ ಥ್ರೆಡ್ 1.0 ಪಿಚ್ಚಿನದ್ದೂ (ಸುತ್ತಿನಿಂದ ಸುತ್ತಿಗೆ ಇರುವ ಅಂತರ) ಇದೆ, 1.25ರದ್ದೂ ಇದೆ. ತಪ್ಪು ಬೋಲ್ಟ್ ಮೊದಲ ಒಂದೆರಡು ಸುತ್ತು ಸುಮ್ನೆ ಹೋಗುತ್ತದೆ, ಆಮೇಲೆ ಬಿಗಿಯಾಯಿತಲ್ಲ ಅಂತ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಕ್ಯಾಲಿಪರ್ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಎರಡನೆಯದು ವಾಷರ್. ಬ್ಯಾಂಜೊದ ಎರಡೂ ಬದಿ ತಾಮ್ರದ್ದೋ ಅಲ್ಯೂಮಿನಿಯಂದೋ ವಾಷರ್ ಇರುತ್ತದೆ, ಒಮ್ಮೆ ಒತ್ತಿದ ಮೇಲೆ ಅದರ ಕೆಲಸ ಮುಗಿಯಿತು. ಒಂದು ಗ್ಯಾರೇಜಿನಲ್ಲಿ ಹಳೇ ವಾಷರನ್ನೇ ಹಾಕಿ ಕೊಟ್ಟಿದ್ದರು. ಸಂಜೆ ಹೊತ್ತಿಗೆ ಕ್ಯಾಲಿಪರ್ ಮೇಲೆ ಆಯಿಲ್ ಒಸರಿ ಪೇಂಟ್ ಎದ್ದಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದ ತಕ್ಷಣ ನೀರು ಹಾಕಿ ತೊಳೆಯಬೇಕು. ಜಾಲರಿ ಪೈಪ್ ಫ್ರೇಮಿಗೆ ತಾಗಿದರೂ ಪೇಂಟ್ ಉಜ್ಜಿ ತೆಗೆಯುತ್ತದೆ, ಅದಕ್ಕೆ ಅಲ್ಲಲ್ಲಿ ರಬ್ಬರ್ ಸ್ಲೀವ್ ತೊಡಿಸಿ.

ಎಬಿಎಸ್ ಗಾಡಿಯವರ ಲೆಕ್ಕವೇ ಬೇರೆ. 125 ಸಿಸಿ ದಾಟಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅವುಗಳಲ್ಲಿ ಪೈಪ್ ಲಿವರ್‌ನಿಂದ ಎಬಿಎಸ್ ಯೂನಿಟ್‌ಗೆ ಒಂದು, ಅಲ್ಲಿಂದ ಕ್ಯಾಲಿಪರ್‌ಗೆ ಇನ್ನೊಂದು. ಅಂದರೆ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಏರ್ ಸರಿಯಾಗಿ ತೆಗೆಯಲು ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕು. ವಾರಂಟಿ ಇದ್ದರೆ ಕೈ ಹಾಕಲೇಬೇಡಿ.

ಈಗ ಕ್ಲಾಸಿಕ್‌ನಲ್ಲಿ ಇರುವುದು ಬ್ರೇಡೆಡ್ ಪೈಪೇ. ದುಡ್ಡು ಕೊಟ್ಟಾಗಿದೆ, ತೆಗೆಯಲು ಮನಸ್ಸಿಲ್ಲ. ಮತ್ತೆ ಕೊಳ್ಳುತ್ತೀಯಾ ಅಂದರೆ ಇಲ್ಲ, ಕಂಪನಿಯ ರಬ್ಬರ್ ಪೈಪ್, ಒಳ್ಳೆಯ ಪ್ಯಾಡ್, ವರ್ಷ ಬಿಟ್ಟು ವರ್ಷ ಹೊಸ ಆಯಿಲ್. ರೈಸರ್ ತೆಗೆದ ಮೇಲೆ ಕ್ಲಚ್‌ಗೆ ಕೇಬಲ್ ತಯಾರಕರ ಸ್ವಂತ ಪ್ಯಾಕೆಟ್ಟಿನದ್ದೇ ವಾಪಸ್ ಬಂದಿದೆ. ದೂರ ಹೋಗುವಾಗ ಅದರ ಪಕ್ಕದಲ್ಲೇ ಇನ್ನೊಂದು ಕೇಬಲ್ ಓಡಿಸಿ, ಜಿಪ್ ಟೈ ಹಾಕಿ ಬಿಟ್ಟಿರುತ್ತೇನೆ. ಲಡಾಖ್‌ಗೆ ಹೋಗುವ ಬುಲೆಟ್‌ನವರು ಮಾಡುವ ಉಪಾಯ ಇದು. ಹರಿದರೆ ಟ್ಯಾಂಕ್ ಬಿಚ್ಚಬೇಕಿಲ್ಲ, ಎರಡು ತುದಿ ಸಿಕ್ಕಿಸಿದರೆ ಗಾಡಿ ಮುಂದೆ ಹೋಗುತ್ತದೆ. ಕಟ್ಟುವ ಮುಂಚೆ ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ, ಇಲ್ಲದಿದ್ದರೆ ಬೇಕಾಗುವ ಹೊತ್ತಿಗೆ ಒಳಗೆ ನೀರು ಹೋಗಿ ತುಕ್ಕು ಹಿಡಿದಿರುತ್ತದೆ.