ಮೊಳೆತ ಸಸಿ ರಾತ್ರೋರಾತ್ರಿ ಮಲಗಿದರೆ ನೀರು ಹಾಕಬೇಡಿ

ಮಳೆಗಾಲದಲ್ಲಿ ತಾರಸಿಯ ಮೇಲೆ ಟೊಮೆಟೊ, ಬದನೆ, ಮೆಣಸಿನ ಬೀಜ ಹಾಕುವವರು ದಯವಿಟ್ಟು ಇದನ್ನು ಓದಿ. ಹೊಸಬರ ಟ್ರೇಗಳು ಹಾಳಾಗುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಸಂಜೆ ನೆಟ್ಟಗೆ ನಿಂತಿದ್ದ ಎರಡೆಲೆ ಸಸಿಗಳಲ್ಲಿ ಐದಾರು ಬೆಳಿಗ್ಗೆ ಅಡ್ಡಬಿದ್ದಿರುತ್ತವೆ. ಬಾಡಿವೆ ಎಂದುಕೊಂಡು ನೀರು ಹಾಕುತ್ತಾರೆ. ಎರಡು ಮೂರು ದಿನದಲ್ಲಿ ಟ್ರೇ ಖಾಲಿ.

ಬಿದ್ದ ಸಸಿಯನ್ನು ಎತ್ತಿ ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೆನೆದಂತಾಗಿ, ಕಂದು ತಿರುಗಿ, ದಾರದಷ್ಟು ಸಣ್ಣಗಾಗಿರುತ್ತದೆ. ಎಲೆ ಮಾತ್ರ ಇನ್ನೂ ಹಸಿರು. ಇದು ಸಸಿ ಕೊಳೆ ರೋಗ. ನೀರಿಲ್ಲದೆ ಬಾಡಿದ್ದರೆ ಮೊದಲು ಎಲೆ ಜೋಲುತ್ತದೆ, ಬುಡ ಗಟ್ಟಿಯಾಗಿಯೇ ಇರುತ್ತದೆ. ರೋಗ ತರುವ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಮಣ್ಣಿನಲ್ಲಿರುತ್ತದೆ, ಅದರ ಕಣಗಳು ನೀರಿನಲ್ಲಿ ಈಜಿ ಪಕ್ಕದ ಸಸಿಗೆ ಹೋಗುತ್ತವೆ. ನೀರು ಹಾಕಿದಷ್ಟೂ ಅದಕ್ಕೆ ದಾರಿ ಸಲೀಸು.

ತೂತಿಲ್ಲದ ಮೊಸರು ಡಬ್ಬಿ, ಪೂರ್ತಿ ಕಳಿಯದ ಸಗಣಿ ಗೊಬ್ಬರ, ಪ್ಯಾಕೆಟ್ಟಿನ ಬೀಜವೆಲ್ಲ ಒಂದೇ ಕಡೆ ಸುರಿಯುವುದು, ಇವೆಲ್ಲ ರೋಗ ಕರೆಯುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು, ಮೊಳಕೆ ಮೇಲೆ ಬಂದರೂ ಪ್ಲಾಸ್ಟಿಕ್ ಹೊದಿಕೆ ತೆಗೆಯದಿರುವುದು. ಬಣ್ಣದ ಔಷಧಿ ಹಚ್ಚಿದ ಬೀಜವೆಂದು ಧೈರ್ಯವಾಗಿರಬೇಡಿ. ಅದು ಮೊಳೆಯುವವರೆಗಿನ ರಕ್ಷಣೆ. ಅಂಥ ಬೀಜ ಮಕ್ಕಳ ಕೈಗೂ ಸಿಗಬಾರದು.

98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ) ತನ್ನಿ, ಹಳೆಯದಾದರೆ ಸೋಪು ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಮೂರು ಪಾಲು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪಿಟ್‌ಗೆ ಒಂದು ಪಾಲು ಎರೆಗೊಬ್ಬರ ಸಾಕು. ಕೋಕೋಪಿಟ್‌ನಲ್ಲಿ ಉಪ್ಪಿರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಲೇಬೇಕು. ಎರೆಗೊಬ್ಬರಕ್ಕೆ ಕೆಜಿಗೆ 10 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿ, ತುಸು ಒದ್ದೆ ಮಾಡಿ, ನೆರಳಲ್ಲಿ ಒಂದು ವಾರ ಗೋಣಿ ಮುಚ್ಚಿಡಿ. ಗುಳಿಗೊಂದು ಬೀಜ, ಅರ್ಧ ಸೆಂಟಿಮೀಟರ್ ಆಳ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೊಳೆತ ಮೇಲೆ ಬೆಳಿಗ್ಗೆ ಮಾತ್ರ ನೀರು, ಅದೂ ಮೇಲ್ಪದರ ಒಣಗಿದ್ದರೆ. ಬೀನ್ಸ್, ಬೆಂಡೆ, ಸೋರೆಗೆ ಟ್ರೇ ಬೇಡ, ನೇರ ಕುಂಡಕ್ಕೇ ಹಾಕಿ.

ರೋಗ ಬಂದೇಬಿಟ್ಟಿದ್ದರೆ ಬಿದ್ದ ಸಸಿಯನ್ನು ಗುಳಿಯ ಮಿಶ್ರಣದ ಸಮೇತ ತೆಗೆದು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗಲ್ಲ. ಟ್ರೇಯನ್ನು ಮಳೆ ಬೀಳದ, ಗಾಳಿ ಬೆಳಕಿರುವ ಕಡೆ ಇಟ್ಟು ನೀರು ಹಾಕುವುದನ್ನು ನಿಲ್ಲಿಸಿ. ಉಳಿದವುಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ, ಕೈಗವಸು ಹಾಕಿಕೊಂಡು ಒಂದು ಸಲ ಹಾಕಿ. ತಾಮ್ರ ಟ್ರೈಕೋಡರ್ಮಾಕ್ಕೂ ಹಾನಿ ಮಾಡಬಹುದು, ಎರಡನ್ನೂ ಒಟ್ಟಿಗೆ ಕೊಡಬೇಡಿ. ಬುಡ ಸಣ್ಣಗಾದ ಸಸಿ ಚೇತರಿಸಿಕೊಳ್ಳುವುದಿಲ್ಲ. ಟೊಮೆಟೊ ನಾಟಿಗೆ ಬರಲು 25 ದಿನ, ಮೆಣಸಿಗೆ ಸುಮಾರು 40 ದಿನ ಬೇಕು, ಆದ್ದರಿಂದ ಅದೇ ವಾರ ಹೊಸ ಮಿಶ್ರಣದಲ್ಲಿ ಮತ್ತೆ ಬೀಜ ಹಾಕಿ.